ಹಿತ್ತಿಲಿಗೂ ಬರಲಿ ಮಿಡಿಸೌತೆ



ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳು ಹೊಗೆಸೊಪ್ಪಿನ ಸೀಮೆಯೆಂದೇ ಹೆಸರಾದವು. ಆ ಸೊಪ್ಪನ್ನು ಹದಗೊಳಿಸುವ ಬ್ಯಾರನ್ನುಗಳು ಸುತ್ತಲಿನ ಮರಗಳನ್ನು ಸೌದೆಯಾಗಿ ನುಂಗುತ್ತವೆ. ಸೌದೆ ಬೇಡದ ಅಲ್ಪಾವಧಿ ಬೆಳೆಗಳಲ್ಲಿ ಮಿಡಿಸೌತೆಯೂ ಒಂದು.

1990ರ ದಶಕದಲ್ಲಿ ಕರ್ನಾಟಕದಲ್ಲಿ ಆರಂಭವಾದ ಈ ಬೇಸಾಯ ರಫ್ತಿಗೆಂದೇ ಬಂದದ್ದು. ಬೀಜ, ಗೊಬ್ಬರ, ಔಷಧಿಗಳನ್ನು ಕಂಪನಿ ಸಾಲವಾಗಿ ಕೊಟ್ಟು, ಕಾಯಿಯ ಹಣದಲ್ಲಿ ಮುರಿದುಕೊಳ್ಳುವುದು ಒಪ್ಪಂದದ ರೂಢಿ. 2020-21ರಲ್ಲಿ ಭಾರತದಿಂದ ರಫ್ತಾದ ಸೌತೆ ಹಾಗೂ ಮಿಡಿಸೌತೆ 2,23,515 ಟನ್. ಕಾಯಿ ಸಣ್ಣದಿದ್ದಷ್ಟೂ ಬೆಲೆ ಹೆಚ್ಚು. ಒಂದು ದಿನ ಕೊಯ್ಲು ತಪ್ಪಿದರೆ ದರ್ಜೆ ಇಳಿಯುತ್ತದೆ. ಊರಿನ ಸಂತೆಯಲ್ಲಾಗಲಿ ಅಡುಗೆಮನೆಯಲ್ಲಾಗಲಿ ಅದಕ್ಕೆ ಸ್ಥಾನವಿಲ್ಲದಿರುವುದರಿಂದ, ಕಂಪನಿ ಬೇಡವೆಂದ ಕಾಯಿ ತಿಪ್ಪೆ ಸೇರುತ್ತದೆ. ಬೆಳೆದವನೇ ಉಣ್ಣದ ಬೆಳೆಗೆ ಬೆಲೆ ಕಟ್ಟುವವನು ಪರದೇಶಿ.

ಹೊರದೇಶದವರು ಕಾಯಿಯಲ್ಲಿ ಉಳಿದ ವಿಷವನ್ನು ಪರೀಕ್ಷಿಸಿಯೇ ಕೊಳ್ಳುತ್ತಾರೆ. ಬೆಳೆಗಾರನ ಮಕ್ಕಳು ತಿನ್ನುವ ತರಕಾರಿಗೆ ಆ ಪರೀಕ್ಷೆ ಮಾಡುವವರು ಯಾರು? ಹಿತ್ತಿಲಿನ ಹತ್ತು ಬಳ್ಳಿಗಳೇ ಇದಕ್ಕೆ ಉತ್ತರ.

ಬಿಸಿಲು ಬೀಳುವ ಕಡೆ ಅಡಿಗೊಂದು ಗುಳಿ ತೋಡಿ, ಕಳಿತ ಕೊಟ್ಟಿಗೆ ಗೊಬ್ಬರ ತುಂಬಿ, ಗುಳಿಗೆ ಎರಡು ಬೀಜ ಊರಬೇಕು. ಬಳ್ಳಿ ಹಬ್ಬಲು ಕಡ್ಡಿಗಳ ಆಸರೆ ಸಾಕು. ನೀರನ್ನು ಬುಡಕ್ಕೆ ಮಾತ್ರ ಹಾಯಿಸಬೇಕು. ನೆನೆದ ಎಲೆಗೆ ಬೂಜು ರೋಗ ಬೇಗ ತಗಲುತ್ತದೆ. ನೀರು ಕೊರತೆಯಾದರೆ ಕಾಯಿ ಕಹಿಯಾಗುತ್ತದೆ. ಹೆಚ್ಚಿನ ತಳಿಗಳಲ್ಲಿ ಹೆಣ್ಣುಹೂ ಕಾಯಿಕಟ್ಟಲು ಜೇನ್ನೊಣ ಬೇಕು. ಆದುದರಿಂದ ಹೂವಿನ ಕಾಲದಲ್ಲಿ ವಿಷ ಸಿಂಪಡಿಸುವುದು ಬೆಳೆಗೇ ಕೇಡು. ಬಿತ್ತಿದ ಸುಮಾರು 35 ದಿನಗಳಿಗೆ ಕೊಯ್ಲು ಮೊದಲಾಗುತ್ತದೆ. ದಿನವೂ ಕೊಯ್ಯಬೇಕು; ಬಲಿಯಲು ಬಿಟ್ಟ ಒಂದು ಕಾಯಿ ಉಳಿದವುಗಳ ಬೆಳವಣಿಗೆಯನ್ನು ತಡೆಯುತ್ತದೆ.

ಎಳೆಗಾಯಿ ಕೋಸಂಬರಿಗೆ ಒಪ್ಪುತ್ತದೆ. ಉಪ್ಪಿನಲ್ಲಿ ಹಾಕುವುದಾದರೆ ಹೂವಿನ ಕಡೆಯ ತುದಿಯನ್ನು ತೆಗೆಯಬೇಕು. ಇಲ್ಲದಿದ್ದರೆ ಕಾಯಿ ಮೆತ್ತಗಾಗುತ್ತದೆ. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ 50 ಗ್ರಾಂ ಉಪ್ಪು ಬೆರೆಸಿ, ಬೆಳ್ಳುಳ್ಳಿ, ಸಾಸಿವೆ, ಹಸಿಮೆಣಸಿನಕಾಯಿಯೊಡನೆ ಕಾಯಿ ಪೂರ್ತಿ ಮುಳುಗುವಂತೆ ಜಾಡಿಯಲ್ಲಿಡಬೇಕು. ಒಂದೆರಡು ವಾರಗಳಲ್ಲಿ ಅದು ಹುಳಿಗಟ್ಟುತ್ತದೆ. ಮಿಡಿಮಾವನ್ನು ಬಲ್ಲ ಮನೆಗೆ ಇದು ಹೊಸ ವಿದ್ಯೆಯಲ್ಲ.

ಕಂಪನಿಯ ಸಂಕರ ತಳಿಯಿಂದ ಉಳಿಸಿದ ಬೀಜಕ್ಕೆ ತಾಯಿಗುಣ ಬಾರದು. ಆದುದರಿಂದ ಊರಿನ ಸೌತೆಯ ಬೀಜವನ್ನೇ ಬಿತ್ತಿ ಮಿಡಿ ಕೊಯ್ಯುವುದು, ಕೊನೆಗೊಂದು ಹಣ್ಣನ್ನು ಬೀಜಕ್ಕೆಂದು ಬಿಡುವುದು ಮೇಲು. ಮುಂದಿನ ವರ್ಷದ ಬಿತ್ತನೆಗೆ ಯಾರ ಒಪ್ಪಂದವೂ ಬೇಕಾಗದು.