ಪಾನೀಯದ ಲಾರಿ, ತಿಂಗಳ ಸಂಬಳ



ನಮ್ಮ ಮೊಹಲ್ಲಾಗಳ ಯುವಕರು ಮತ್ತೆ ಮತ್ತೆ ಕೇಳುವ ಒಂದು ಪ್ರಶ್ನೆಯನ್ನು ಈ ಜುಮಾದಲ್ಲಿ ಎತ್ತಿಕೊಳ್ಳೋಣ. ಬಿವರೇಜ್ ಏಜೆನ್ಸಿಯೊಂದರಲ್ಲಿ ಡೆಲಿವರಿ ಲಾರಿಗೆ ಡ್ರೈವರ್ ಬೇಕಂತೆ, ತಿಂಗಳ ಸಂಬಳವಂತೆ, ಪಿಎಫ್, ಇಎಸ್‌ಐ ಕೂಡ ಇದೆಯಂತೆ, ಸೇರಬಹುದೇ?

ಮೊದಲು ಒಂದು ಮಾತು. ಇನ್ನೊಬ್ಬರ ಕೈಕೆಳಗೆ ಸಂಬಳಕ್ಕೆ ದುಡಿಯುವುದು ಕೀಳಲ್ಲ. ನಮ್ಮಲ್ಲಿ ಒಂದು ಗೂಡಂಗಡಿ ಇಟ್ಟವನಿಗೆ ‘ಸಾಹುಕಾರ’ ಎನ್ನುತ್ತೇವೆ, ಲಾರಿ ಓಡಿಸುವವನಿಗೆ ಹೆಣ್ಣು ಕೊಡಲು ಹಿಂದೆಮುಂದೆ ನೋಡುತ್ತೇವೆ. ಮೂಸಾ(ಅ) ಮದ್‌ಯನ್‌ನಲ್ಲಿ ಕೂಲಿಗೆ ನಿಂತವರು. ಎಂಟು ವರ್ಷದ ಕರಾರು, ಇಷ್ಟವಿದ್ದರೆ ಹತ್ತು. ಅವರನ್ನು ಕೆಲಸಕ್ಕಿಟ್ಟುಕೊಳ್ಳುವಂತೆ ತಂದೆಗೆ ಹೇಳಿದ ಹೆಣ್ಣುಮಗಳು ಮುಂದಿಟ್ಟ ಅರ್ಹತೆಗಳು ಎರಡೇ: ದೇಹಬಲ ಮತ್ತು ಪ್ರಾಮಾಣಿಕತೆ. ಸೂರಃ ಅಲ್‌ಕಸಸ್‌ನ 26ನೇ ವಚನ ಇದನ್ನು ತಿಳಿಸುತ್ತದೆ. ನಮ್ಮ ಪ್ರವಾದಿಯವರೂ(ಸ) ಮಕ್ಕಾದವರ ಕುರಿಗಳನ್ನು ಕೆಲವು ಕೀರಾತ್‌ಗಳ ಕೂಲಿಗೆ ಮೇಯಿಸಿದ್ದರೆಂದು ಬುಖಾರಿಯಲ್ಲಿ ಇದೆ. ಬಡ್ಡಿಸಾಲ ಎತ್ತಿ ಸ್ವಂತ ಗೂಡ್ಸ್ ಗಾಡಿ ತೆಗೆದು, ಕಂತು ಕಟ್ಟಲಾಗದೆ ಗಾಡಿಯನ್ನೂ ಕಳೆದುಕೊಂಡ ಮನೆಗಳು ನಮ್ಮ ಸುತ್ತಲೇ ಇವೆ. ಅದರ ಮುಂದೆ ಬೇರೆಯವರ ಲಾರಿ ಓಡಿಸಿ ತಿಂಗಳ ಕೊನೆಗೆ ಸಂಬಳ ಎಣಿಸಿಕೊಳ್ಳುವುದು ಎಷ್ಟೋ ಮೇಲು.

ಹಾಗಾದರೆ ಪ್ರಶ್ನೆ ಎಲ್ಲಿದೆ? ಲಾರಿಯ ಹಿಂದೆ, ಟಾರ್ಪಾಲಿನ ಕೆಳಗೆ ಇದೆ. ‘ಬಿವರೇಜ್’ ಎಂಬುದು ಜಾರುವ ಪದ. ಸೋಡಾ, ಜ್ಯೂಸ್, ನೀರಿನ ಬಾಟಲಿಯೂ ಬಿವರೇಜ್. ಬಿಯರ್, ವಿಸ್ಕಿಯೂ ಬಿವರೇಜ್. 2003ರಲ್ಲಿ ಸ್ಥಾಪನೆಯಾಗಿ ರಾಜ್ಯದ ಮದ್ಯದ ಸಗಟು ವ್ಯವಹಾರ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆಯ ಹೆಸರೇ ಕರ್ನಾಟಕ ರಾಜ್ಯ ಪಾನೀಯ ನಿಗಮ. ಹೆಸರಿನಲ್ಲಿ ಮದ್ಯ ಎಂಬ ಶಬ್ದವೇ ಇಲ್ಲ. ಆದ್ದರಿಂದ ಜಾಹೀರಾತು ನೋಡಿ ಹೊರಟ ಯುವಕ ಸಂಬಳ ಕೇಳುವ ಮೊದಲು ಲೋಡ್ ಏನೆಂದು ಕೇಳಬೇಕು. ಯಾವ ಗೋದಾಮಿನಿಂದ ತುಂಬಿಸುತ್ತೀರಿ, ಯಾವ ಅಂಗಡಿಗೆ ಇಳಿಸುತ್ತೀರಿ ಎಂದು ಕೇಳಿದರೆ ಸಾಕು, ಉತ್ತರ ತಾನಾಗಿ ಹೊರಬರುತ್ತದೆ.

ಲೋಡ್ ಬರೀ ತಂಪು ಪಾನೀಯ, ನೀರು ಆಗಿದ್ದರೆ ಆ ಸಂಬಳ ಹಲಾಲ್, ಸಂಶಯ ಬೇಡ. ಮದ್ಯವೇ ಆಗಿದ್ದರೂ ಸಂಶಯವಿಲ್ಲ. ಮದ್ಯದ ವಿಷಯದಲ್ಲಿ ಪ್ರವಾದಿಯವರು(ಸ) ಹತ್ತು ಮಂದಿಯನ್ನು ಶಪಿಸಿದರೆಂದು ಅನಸ್(ರ) ವರದಿ ಮಾಡಿದ್ದು ತಿರ್ಮಿದಿಯಲ್ಲಿ ಇದೆ. ಕುಡಿಯುವವನು, ಮಾರುವವನು ಮಾತ್ರವಲ್ಲ, ಹೊತ್ತೊಯ್ಯುವವನೂ ಆ ಹತ್ತರಲ್ಲಿ ಇದ್ದಾನೆ. ‘ನಾನು ಕುಡಿಯುವುದಿಲ್ಲ, ಸ್ಟೇರಿಂಗ್ ಹಿಡಿಯುತ್ತೇನೆ ಅಷ್ಟೆ’ ಎಂಬ ಮಾತಿಗೆ ಇಲ್ಲಿ ಜಾಗವಿಲ್ಲ.

ಕಷ್ಟ ಇರುವುದು ನಡುವಿನ ಪ್ರಕರಣದಲ್ಲಿ. ವಾರದ ಐದು ದಿನ ಜ್ಯೂಸ್ ಮತ್ತು ನೀರು, ಒಂದು ದಿನ ಮಾಲೀಕನ ಇನ್ನೊಂದು ವ್ಯಾಪಾರದ ಬಿಯರ್ ಪೆಟ್ಟಿಗೆ. ಮನೆಯಲ್ಲಿ ತಾಯಿಯ ಔಷಧಿ, ತಂಗಿಯ ಫೀಸು. ಇಂಥವನಿಗೆ ಮಿಂಬರಿನ ಮೇಲಿನಿಂದ ‘ಬಿಡು’ ಎನ್ನುವುದು ಸುಲಭ. ಮುಸ್ಲಿಮೇತರರ ಮದ್ಯವನ್ನು ಕೂಲಿಗೆ ಸಾಗಿಸುವ ವಿಷಯದಲ್ಲಿ ಇಮಾಮ್ ಅಬೂಹನೀಫಾ(ರಹ್) ಅವರದು ಸಡಿಲವಾದ ಅಭಿಪ್ರಾಯವಾಗಿತ್ತೆಂದು ಹನಫಿ ಗ್ರಂಥಗಳಲ್ಲಿ ಇದೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಅವರ ಶಿಷ್ಯರಾದ ಅಬೂಯೂಸುಫ್ ಮತ್ತು ಮುಹಮ್ಮದ್(ರಹ್) ಇಬ್ಬರೂ ಅದನ್ನು ಒಪ್ಪಲಿಲ್ಲ, ನಮ್ಮ ಕರಾವಳಿ ಅನುಸರಿಸುವ ಶಾಫಿಈ ಮದ್‌ಹಬ್‌ನಲ್ಲಿಯೂ ಅದಕ್ಕೆ ಅವಕಾಶವಿಲ್ಲ. ನಮ್ಮ ಸಲಹೆ ಇಷ್ಟು: ಸೇರುವ ದಿನವೇ ಮಾಲೀಕನಿಗೆ ಸ್ಪಷ್ಟವಾಗಿ ಹೇಳಿ, ‘ಆ ಟ್ರಿಪ್ ನನಗೆ ಬೇಡ, ಬದಲಿಗೆ ಭಾನುವಾರ ನಾನು ಬರುತ್ತೇನೆ.’ ಒಪ್ಪುವ ಮಾಲೀಕರು ಇದ್ದಾರೆ. ಎಷ್ಟೋ ಹಿಂದೂ ಮಾಲೀಕರು ಇಂಥ ಮಾತು ಹೇಳಿದ ಡ್ರೈವರ್ ಮೇಲೆ ಹೆಚ್ಚು ಭರವಸೆ ಇಡುತ್ತಾರೆ, ಗಲ್ಲಾದ ಕೀಲಿಯನ್ನೂ ಕೊಡುತ್ತಾರೆ. ಒಪ್ಪದಿದ್ದರೆ ಬೇರೆ ಲಾರಿ ಹುಡುಕಬೇಕು. ಹುಡುಕುವವರೆಗೆ ಆ ಮನೆಯ ಅಕ್ಕಿ ಯಾರದು? ಅದು ಜಮಾಅತಿನ ಪ್ರಶ್ನೆ. ಬಿಡು ಎಂದ ನಾವು ಆ ಒಂದೆರಡು ತಿಂಗಳು ಅವನ ಬಾಗಿಲಿಗೆ ಹೋಗದಿದ್ದರೆ, ಅವನನ್ನು ಬೆರಳು ತೋರಿಸುವ ಹಕ್ಕು ನಮಗಿಲ್ಲ.

ಇನ್ನು ಹಲಾಲ್ ಲೋಡ್ ಓಡಿಸುವವರ ಕಡೆಗೆ ಬರೋಣ. ಇಲ್ಲಿ ಪರೀಕ್ಷೆ ಬೇರೆ ತರದ್ದು. ಗಾಜಿನ ಬಾಟಲಿಯ ಕ್ರೇಟಿನಲ್ಲಿ 24 ಬಾಟಲಿ. ಎರಡು ಒಡೆದವು ಎಂದು ಬರೆಸಿ ನಾಲ್ಕು ಇಳಿಸಿಕೊಂಡರೆ ಯಾರಿಗೂ ತಿಳಿಯದು. ಕಂಪೆನಿ ಅಂಗಡಿಯವನಿಗೆ ಸ್ಕೀಮ್‌ನಲ್ಲಿ ಕೊಟ್ಟ ಫ್ರೀ ಕೇಸ್ ಅಂಗಡಿಗೆ ತಲುಪದೆ ದಾರಿಯಲ್ಲೇ ಮಾರಾಟವಾಗುವುದನ್ನು ಈ ಕೆಲಸದವರೆಲ್ಲ ಬಲ್ಲರು. ಖೈಬರ್‌ನ ಯುದ್ಧದಲ್ಲಿ ಹಂಚಿಕೆಗೆ ಮುನ್ನ ಒಂದು ಹೊದಿಕೆ ಎತ್ತಿಕೊಂಡವನ ಗತಿಯನ್ನು ಪ್ರವಾದಿಯವರು(ಸ) ಎಷ್ಟು ಕಠಿಣವಾಗಿ ವಿವರಿಸಿದರೆಂಬುದು ನಿಮಗೆ ಗೊತ್ತಿದೆ. ಝಕಾತ್ ವಸೂಲಿಗೆ ಹೋದ ಇಬ್ನುಲ್ಲುತ್ಬಿಯ್ಯ ‘ಇದು ನಿಮ್ಮದು, ಇದು ನನಗೆ ಉಡುಗೊರೆ ಬಂದದ್ದು’ ಎಂಬರ್ಥದ ಲೆಕ್ಕ ಒಪ್ಪಿಸಿದಾಗ, ಮನೆಯಲ್ಲೇ ಕುಳಿತಿದ್ದರೆ ಈ ಉಡುಗೊರೆ ಬರುತ್ತಿತ್ತೇ ಎಂದು ಪ್ರವಾದಿಯವರು(ಸ) ಪ್ರಶ್ನಿಸಿದ್ದರು. ಅಂಗಡಿಯವರು ಕುಡಿಸುವ ಚಹಾದ ಬಗ್ಗೆ ನಾವು ಹೇಳುತ್ತಿಲ್ಲ. ಹಳೆಯ ಬಾಕಿ ಮರೆಸಲು ಜೇಬಿಗೆ ಬರುವ ನೋಟಿನ ಬಗ್ಗೆ ಹೇಳುತ್ತಿದ್ದೇವೆ. ಲಾರಿ ತುಂಬ ನೀರಿನ ಬಾಟಲಿ ಇದ್ದರೂ ಮಾಲೀಕನ ಅನುಮತಿ ಇಲ್ಲದೆ ಒಂದನ್ನು ಒಡೆದು ವುಝೂ ಮಾಡುವಂತಿಲ್ಲ! ಸೀಟಿನ ಹಿಂದೆ ಒಂದು ಕ್ಯಾನ್ ಇಟ್ಟುಕೊಳ್ಳಿ.

ನಮಾಝಿನ ವಿಷಯ. ಊರಿನೊಳಗೆ ಹತ್ತಾರು ಅಂಗಡಿ ಸುತ್ತುವವನು ಮುಸಾಫಿರ್ ಅಲ್ಲ, ದಿನಕ್ಕೆ ನೂರು ಕಿಲೋಮೀಟರ್ ತಿರುಗಿದರೂ ಅಲ್ಲ. ಸುಮಾರು 80 ಕಿ.ಮೀ. ದೂರದ ಊರನ್ನು ಗುರಿಯಾಗಿಟ್ಟು ಹೊರಟವನಿಗೆ ಕಸ್ರ್ ಇದೆ. ಶಾಫಿಈಗಳಿಗೆ ಝುಹ್ರ್ ಮತ್ತು ಅಸ್ರ್ ಜಮ್‌ಅ್ ಮಾಡುವ ರಿಯಾಯಿತಿಯೂ ಇದೆ. ಹನಫಿಗಳು ಆಯಾ ಹೊತ್ತಿಗೆ ಮಾಡಬೇಕು. ಶುಕ್ರವಾರ ಫಜ್ರ್ ಆದ ಮೇಲೆ ಮಂಗಳೂರು ಬಿಟ್ಟು ಶಿರಾಡಿ ಹತ್ತುವವನು ಜುಮಾ ಸಿಗುವ ಮಸೀದಿಯನ್ನು ಮೊದಲೇ ನೋಡಿಟ್ಟುಕೊಳ್ಳಬೇಕು. ಸ್ಥಳೀಯ ರೂಟಿನವರು ಶುಕ್ರವಾರದ ಮುಕ್ಕಾಲು ಗಂಟೆಯನ್ನು ಕೆಲಸಕ್ಕೆ ಸೇರುವಾಗಲೇ ಮಾತಾಡಿಕೊಳ್ಳಿ. ಸೂರಃ ಅಲ್‌ಜುಮುಅ ವ್ಯಾಪಾರ ಬಿಟ್ಟು ಬರುವಂತೆ ಹೇಳುತ್ತದೆ, ನಮಾಝ್ ಮುಗಿದೊಡನೆ ಭೂಮಿಯಲ್ಲಿ ಚದುರಿ ದುಡಿಯುವಂತೆಯೂ ಹೇಳುತ್ತದೆ. ಮಾಲೀಕನಿಗೆ ಎರಡನೆಯ ವಚನವನ್ನೂ ತಿಳಿಸಿ, ಅದರಂತೆ ಬೇಗ ಹಿಂದಿರುಗಿ.

ಲೈಸೆನ್ಸ್ ಸರಿಯಾಗಿರಲಿ. ಒಟ್ಟು ತೂಕ 7,500 ಕೆ.ಜಿ. ಮೀರದ ಗಾಡಿಯನ್ನು ಎಲ್‌ಎಂವಿ ಲೈಸೆನ್ಸ್‌ನಲ್ಲೇ ಓಡಿಸಬಹುದೆಂದು ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಹೇಳಿದೆ. ಅದಕ್ಕಿಂತ ದೊಡ್ಡದಕ್ಕೆ ಬೇರೆ ಲೈಸೆನ್ಸ್ ಬೇಕು. ನಿದ್ದೆಗೆಟ್ಟು ರಾತ್ರಿ ಘಾಟಿ ಇಳಿಯುವುದು ಶ್ರಮವಲ್ಲ. ಎದುರಿನ ಬೈಕಿನವನಿಗೂ ಹೆಂಡತಿ ಮಕ್ಕಳಿದ್ದಾರೆ.

ಕೊನೆಗೆ, ಈ ಸಫ್ಫುಗಳಲ್ಲಿ ಕುಳಿತಿರುವ ಏಜೆನ್ಸಿ ಮಾಲೀಕರಿಗೆ. ಬೆವರು ಆರುವ ಮೊದಲು ಕೂಲಿ ಕೊಡಬೇಕೆಂಬ ಹದೀಸನ್ನು ನಾವು ಪದೇಪದೇ ಕೇಳುತ್ತೇವೆ. ನಿಮ್ಮ ಡ್ರೈವರ್‌ನ ಸಂಬಳ 21,000 ರೂಪಾಯಿಯೊಳಗಿದ್ದು, ಅವನ ಪಾಲೆಂದು ಇಎಸ್‌ಐಗೆ ಶೇ. 0.75 ಹಿಡಿದಿದ್ದರೆ ಅದನ್ನೂ ನಿಮ್ಮ ಶೇ. 3.25ನ್ನೂ ಕಟ್ಟಿದ್ದೀರಾ? ಹಿಡಿದು ಕಟ್ಟದಿದ್ದರೆ, ಅವನ ಮಗು ಆಸ್ಪತ್ರೆಯಲ್ಲಿರುವ ದಿನ ಕಾರ್ಡ್ ಕೆಲಸ ಮಾಡುವುದಿಲ್ಲ. ಇಂದು ಅಂಗಡಿಗೆ ಮರಳಿದ ಮೇಲೆ ಒಮ್ಮೆ ಪುಸ್ತಕ ತೆರೆದು ನೋಡಿ. ನಿಮ್ಮಲ್ಲಿ ಡ್ರೈವರ್ ಕೆಲಸ ಖಾಲಿ ಇದ್ದರೆ ನಮಾಝಿನ ನಂತರ ಕಮಿಟಿಯವರ ಬಳಿ ಹೆಸರು ಕೊಟ್ಟು ಹೋಗಿ; ಬಿಯರ್ ಟ್ರಿಪ್ ಬೇಡವೆಂದು ಕೆಲಸ ಬಿಟ್ಟವರು ನಮ್ಮ ನಡುವೆಯೇ ಇದ್ದಾರೆ.