ಅಂಗಿ ಒಗೆದ ಅವ್ವನಿಗೆ ಎಷ್ಟು ಶಿಕ್ಷೆ?



ನಮ್ಮ ನವಲಗುಂದ ಸೀಮೆಯ ಯಾವುದೋ ಒಂದು ಮನೆ ಎಂದು ತಿಳಿಯಿರಿ. ನಡುರಾತ್ರಿ ಮಗ ಬಂದು ಬಾಗಿಲು ಬಡಿಯುತ್ತಾನೆ. ಹೊಲದ ಬದುವಿನ ಜಗಳ. ಕೈಯಲ್ಲಿ ಕುಡಗೋಲು, ಅಂಗಿಯ ತುಂಬ ರಕ್ತ. ಅವ್ವ ಏನೂ ಕೇಳುವುದಿಲ್ಲ. ಅಂಗಿ ಒಗೆಯುತ್ತಾಳೆ, ಕುಡಗೋಲನ್ನು ಬಣವಿಯೊಳಗೆ ತುರುಕುತ್ತಾಳೆ, ರೊಟ್ಟಿ ಕಟ್ಟಿಕೊಟ್ಟು ಮಗನನ್ನು ಮೊದಲ ಬಸ್ಸಿಗೆ ಹತ್ತಿಸುತ್ತಾಳೆ. ಕೊಂದವಳು ಅವಳಲ್ಲ. ಹಾಗಾದರೆ ಅವಳಿಗೆ ಶಿಕ್ಷೆ ಎಷ್ಟು?

ನಾನು ವಿಜ್ಞಾನ ಓದಿದವನು. ಒಗೆದ ಬಟ್ಟೆಯಲ್ಲೂ ರಕ್ತದ ಕುರುಹು ಉಳಿಯಬಹುದು. ಲ್ಯೂಮಿನಾಲ್ ಸಿಂಪಡಿಸಿದರೆ ಅದು ಕತ್ತಲಲ್ಲಿ ನೀಲಿಯಾಗಿ ಹೊಳೆಯುತ್ತದೆ. ಆದರೆ ಒಗೆದವಳ ಮನಸ್ಸಿನಲ್ಲಿ ಏನಿತ್ತೆಂಬುದನ್ನು ಯಾವ ಪ್ರಯೋಗಾಲಯವೂ ತೋರಿಸದು. ಕಾನೂನು ಕೇಳುವುದು ಅದನ್ನೇ. 1952ರಲ್ಲಿ ಪಲ್ವಿಂದರ್ ಕೌರ್ ಪ್ರಕರಣ ಸುಪ್ರೀಂ ಕೋರ್ಟಿಗೆ ಬಂತು. ಗಂಡನ ಶವ ಟ್ರಂಕಿನಲ್ಲಿ, ಬಾವಿಯಲ್ಲಿ ಸಿಕ್ಕಿತ್ತು. ಆದರೂ ನ್ಯಾಯಾಲಯ ಆಕೆಯನ್ನು ಬಿಡುಗಡೆ ಮಾಡಿತು. ಅಪರಾಧ ನಡೆದದ್ದು, ಅದು ಆಕೆಗೆ ಗೊತ್ತಿದ್ದದ್ದು, ಅಪರಾಧಿಯನ್ನು ಉಳಿಸಲೆಂದೇ ಮುಚ್ಚಿಟ್ಟದ್ದು ಇವೆಲ್ಲ ರುಜುವಾತಾಗಬೇಕು. ಬರೀ ಸಂಶಯ ಸಾಲದು.

ನಮ್ಮ ಅವ್ವನಿಗೆ ಮಾತ್ರ ಎಲ್ಲವೂ ಗೊತ್ತಿತ್ತು. ಕೊಲೆಯ ಸಾಕ್ಷ್ಯ ನಾಶಕ್ಕೆ ಏಳು ವರ್ಷದವರೆಗೆ, ಕೊಲೆಗಾರನನ್ನು ಬಚ್ಚಿಟ್ಟದ್ದಕ್ಕೆ ಐದು ವರ್ಷದವರೆಗೆ ಸಜೆ. ಹಳೆಯ ದಂಡ ಸಂಹಿತೆಯ 201 ಮತ್ತು 212ನೆಯ ಕಲಮುಗಳು 2024ರ ಜುಲೈ 1ರಿಂದ ನ್ಯಾಯ ಸಂಹಿತೆಯ 238 ಮತ್ತು 249 ಆಗಿವೆ. ಬಚ್ಚಿಟ್ಟವರು ಗಂಡ ಅಥವಾ ಹೆಂಡತಿಯಾದರೆ ವಿನಾಯಿತಿ ಉಂಟು. ಹೆತ್ತವಳಿಗಿಲ್ಲ! ಇದು ನನಗೆ ಇಂದಿಗೂ ಸರಿಕಂಡಿಲ್ಲ.

ಆದರೆ ‘ವರೆಗೆ’ ಎಂಬ ಮಾತನ್ನು ಗಮನಿಸಿ. ಅದು ಗರಿಷ್ಠ ಮಿತಿ. ಕನಿಷ್ಠ ಮಿತಿ ಇಲ್ಲ. 1958ರ ಪ್ರೊಬೇಷನ್ ಕಾಯಿದೆಯಂತೆ ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಡಲೂ ನ್ಯಾಯಾಧೀಶರಿಗೆ ಅವಕಾಶವಿದೆ. ಟಾಡಾ ಕಾಯಿದೆಯಲ್ಲಿ ಈ ಸಡಿಲಿಕೆ ಇರಲಿಲ್ಲ. ಭಯೋತ್ಪಾದಕನಿಗೆ ಆಶ್ರಯ ಕೊಟ್ಟರೆ ಕನಿಷ್ಠ ಐದು ವರ್ಷ. ವೀರಪ್ಪನ್‌ಗೆ ನೆರವಾದರೆಂದು ಆ ಕಾಯಿದೆಯಡಿ ಹಿಡಿದ ಹಳ್ಳಿಗರು ವರ್ಷಗಟ್ಟಲೆ ಮೈಸೂರು ಜೈಲಿನಲ್ಲಿದ್ದರು. 2001ರಲ್ಲಿ ವಿಶೇಷ ನ್ಯಾಯಾಲಯ ನೂರಕ್ಕೂ ಹೆಚ್ಚು ಮಂದಿಯನ್ನು ಬಿಡುಗಡೆ ಮಾಡಿತು. ಕೋವಿ ಹಿಡಿದವನು ಮನೆ ಮುಂದೆ ನಿಂತು ಅಕ್ಕಿ ಕೇಳಿದಾಗ ಬಡವ ಏನು ಮಾಡಿಯಾನು?

ಹಾಗೆಂದು ಅವ್ವನನ್ನು ಸುಮ್ಮನೆ ಬಿಡಿ ಎನ್ನಲಾರೆ. ಸತ್ತವನ ಅವ್ವನೂ ಅದೇ ಓಣಿಯಲ್ಲಿದ್ದಾಳೆ. ಕುಡಗೋಲು ಸಿಗದೆ ಕೇಸು ಬಿದ್ದುಹೋದರೆ ಆಕೆಗೆ ಯಾರು ಉತ್ತರ ಹೇಳಬೇಕು? ಹಣ ತೆಗೆದುಕೊಂಡು ಹೆಣ ಸಾಗಿಸಿದವನಿಗೆ ಏಳು ವರ್ಷವೂ ಹೆಚ್ಚಲ್ಲ. ಅವ್ವನಿಗೆ ಏಳು ವರ್ಷ ಬೇಡ.

ಸೆಷನ್ಸ್ ನ್ಯಾಯಾಲಯದಲ್ಲಿ ಅಪರಾಧಿಯೆಂದು ತೀರ್ಮಾನವಾದ ಮೇಲೆ, ಶಿಕ್ಷೆಯ ಪ್ರಮಾಣ ಕುರಿತು ಬೇರೆಯೇ ವಿಚಾರಣೆ ಇರುತ್ತದೆ. ವಯಸ್ಸು, ಅಂಜಿಕೆ, ಮನೆಯ ಸ್ಥಿತಿ ಹೇಳಬೇಕಾದದ್ದು ಆಗ. ಎಷ್ಟೋ ಜನ ಆ ದಿನ ಕೈಮುಗಿದು ಸುಮ್ಮನೆ ನಿಲ್ಲುತ್ತಾರೆ. ಹೆಣ್ಣುಮಕ್ಕಳಿಗೆ ವರಮಾನದ ಮಿತಿಯಿಲ್ಲದೆ ಸರ್ಕಾರದ ಖರ್ಚಿನಲ್ಲಿ ವಕೀಲರು ಸಿಗುತ್ತಾರೆ. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಒಂದು ಅರ್ಜಿ ಕೊಟ್ಟರಾಯಿತು.