ಬಾಗಿಲು ಕಾಯುವವನ ಪಟ್ಟಿ



ನಮ್ಮ ಗ್ರಂಥಭಂಡಾರದ ಓಲೆಗರಿಗಳ ಚಿತ್ರಗಳನ್ನೆಲ್ಲ ಒಂದು ಕಂಪ್ಯೂಟರಿನಲ್ಲಿ ಇರಿಸಿರುವುದು ತಮಗೆ ತಿಳಿದೇ ಇದೆ. ಕಳೆದ ತಿಂಗಳು ಆ ಯಂತ್ರವು ಯಾರನ್ನೂ ಒಳಗೆ ಬಿಡದೆ ಕುಳಿತುಬಿಟ್ಟಿತು. ಅದು ಕೆಟ್ಟಿರಲಿಲ್ಲ, ಅದಕ್ಕೆ ಕಾವಲು ಹಾಕಿದ್ದರಿಂದ ಆದ ಫಜೀತಿ.

ಕಂಪ್ಯೂಟರಿಗೆ ಬರುವ ಸಂದೇಶವು ಪ್ಯಾಕೆಟ್ ಎಂಬ ಚಿಕ್ಕ ಕಟ್ಟುಗಳಾಗಿ ಬರುತ್ತದೆ. ಪ್ರತಿ ಕಟ್ಟಿನ ಮೇಲೂ ಎಲ್ಲಿಂದ ಬಂತು, ಎಲ್ಲಿಗೆ ಹೋಗಬೇಕು, ಯಾವ ನಂಬರಿನ ಪೋರ್ಟಿಗೆ, ಅಂದರೆ ಯಾವ ಬಾಗಿಲಿಗೆ, ಎಂಬುದು ಬರೆದಿರುತ್ತದೆ. ಫೈರ್‌ವಾಲ್ ಎಂಬ ದ್ವಾರಪಾಲಕ ಅದನ್ನೋದಿ, ತನ್ನ ಪಟ್ಟಿಗೆ ಹೋಲಿಸಿ, ಬಿಡುತ್ತಾನೆ ಇಲ್ಲವೆ ತಡೆಯುತ್ತಾನೆ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ಪೀಡೆ 445ನೆಯ ಬಾಗಿಲಿನಿಂದಲೇ ನುಗ್ಗಿತು. ಇಂಗ್ಲೆಂಡಿನ ಆಸ್ಪತ್ರೆಗಳು ರೋಗಿಗಳನ್ನು ಹಿಂದಕ್ಕೆ ಕಳಿಸಬೇಕಾಯಿತು.

ಹಾಸ್ಟೆಲಿನ ಹುಡುಗನೊಬ್ಬ ಆಫೀಸಿನಲ್ಲಿ ಕುಳಿತೇ, 22ನೆಯ ಬಾಗಿಲಿನಿಂದ ಗ್ರಂಥಭಂಡಾರದ ಯಂತ್ರವನ್ನು ಹೊಕ್ಕು, ಯುಎಫ್‌ಡಬ್ಲ್ಯು ಎಂಬ ಕಾವಲನ್ನು ಎಬ್ಬಿಸಿದ. ಹೊರಗಿನಿಂದ ಬರುವವರನ್ನೆಲ್ಲ ತಡೆಯುವುದು ಅದರ ಸಹಜ ಧರ್ಮ. ತನ್ನ ಹೆಸರನ್ನು ಮೊದಲು ಪಟ್ಟಿಗೆ ಸೇರಿಸಬೇಕೆಂಬುದನ್ನು ಆತ ಮರೆತ. ಮರುದಿನ ಬಂದು ನೋಡಿದರೆ ಅವನಿಗೇ ಪ್ರವೇಶವಿಲ್ಲ! "ಬುದ್ಧಿ, ಕಾವಲೇ ತೆಗೆದುಬಿಡ್ಲಾ?" ಎಂದು ಕೇಳಿದ. "ಬೇಡಪ್ಪ, ಆ ಯಂತ್ರದ ಮುಂದೆಯೇ ಹೋಗಿ ಕುಳಿತು ಸರಿಮಾಡು" ಎಂದೆವು.

ಹೋದ. ಗಾಬರಿಯಲ್ಲಿ, 22ಕ್ಕೆ ಯಾರೂ ಬರಕೂಡದೆಂದು ಒಂದು ವಿಧಿ ಬರೆದು, ಅದರ ಕೆಳಗೆ, 192.168.1.20 ಎಂಬ ಆಫೀಸಿನ ಯಂತ್ರವನ್ನು ಬಿಡು ಎಂದು ಬರೆದ. ಕೆಲಸವಾಗಲಿಲ್ಲ. ಈ ದ್ವಾರಪಾಲಕ ಮೇಲಿನಿಂದ ಕೆಳಗೆ ಓದುತ್ತಾನೆ. ಮೊದಲು ಹೊಂದಿದ ವಿಧಿಯೇ ಕೊನೆಯ ಮಾತು. ಪಾಣಿನಿಯಲ್ಲಿ ಹಾಗಲ್ಲ. ಉತ್ಸರ್ಗವನ್ನು ಅಪವಾದವು ಎಲ್ಲಿದ್ದರೂ ಬಾಧಿಸುತ್ತದೆ. ಸಮಬಲದ ಎರಡು ಸೂತ್ರಗಳಿಗೆ ವಿರೋಧ ಬಂದರೆ ಮುಂದಿನದಕ್ಕೆ ಗೆಲುವು. ಓಪನ್‌ಬಿಎಸ್‌ಡಿಯ ಪಿಎಫ್ ಎಂಬ ಕಾವಲುಗಾರ ಸಾಮಾನ್ಯವಾಗಿ ಕೊನೆಗೆ ಹೊಂದಿದ ವಿಧಿಯನ್ನೇ ಹಿಡಿಯುತ್ತಾನೆ. ಅವನು ಪಾಣಿನಿಯ ಪಕ್ಷದವನೆಂದು ನಾವು ನಕ್ಕೆವು. ಕೊನೆಗೆ ಹುಡುಗ ಬಿಡುವ ವಿಧಿಯನ್ನು ಒಂದನೆಯ ಸಾಲಿಗೆ ತಂದ. ಬಾಗಿಲು ತೆರೆಯಿತು.

ಆದರೆ ವಿಳಾಸವು ವ್ಯಕ್ತಿಯಲ್ಲ. ರೂಟರು ವಿಳಾಸಗಳನ್ನು ಹಂಚುವಾಗ ಇಂದು ಇವನಿಗೆ ಕೊಟ್ಟದ್ದನ್ನು ನಾಳೆ ಇನ್ನೊಬ್ಬನಿಗೆ ಕೊಟ್ಟೀತು. ಆದಕಾರಣ ಆ ವಿಳಾಸವನ್ನು ಆಫೀಸಿನ ಯಂತ್ರಕ್ಕೇ ಮೀಸಲಿರಿಸಿದ್ದಾಯಿತು. ಅದೇ ಜಾಲದಲ್ಲಿರುವ ಬೇರೊಬ್ಬ ಆ ವಿಳಾಸದ ವೇಷವನ್ನೂ ಹಾಕಬಲ್ಲ. ಅದಕ್ಕೆ ಬೀಗದ ಕೈ ಬೇರೆ ಇರಬೇಕೆಂದು ಎಸ್‌ಎಸ್‌ಎಚ್ ಕೀಲಿಯನ್ನೂ ಮಾಡಿಸಿದೆವು. ನಂಬಿದ ಯಂತ್ರಕ್ಕೇ ರೋಗ ಹತ್ತಿದರೆ ದ್ವಾರಪಾಲಕ ಕೈಮುಗಿದು ಒಳಗೆ ಬಿಡುತ್ತಾನೆ. ಆದುದರಿಂದ ಅದಕ್ಕೂ 22 ಒಂದೇ ಬಾಗಿಲು, ಉಳಿದವು ಮುಚ್ಚಿವೆ.

ವಿದ್ಯಾರ್ಥಿಗಳೆ, ಆಫೀಸಿನ ಕಂಪ್ಯೂಟರಿಗೆ ಹಾಡು, ಸಿನಿಮಾ ಎಂದು ಪೆನ್‌ಡ್ರೈವ್ ತರುವವರು ಯಾರೆಂಬುದು ನಮಗೆ ಗೊತ್ತಿದೆ. ನಾಳೆಯಿಂದ ಅದು ನಿಲ್ಲಬೇಕು. ಆ ಓಲೆಗರಿಗಳಲ್ಲಿ ಕೆಲವು ಚಿತ್ರ ತೆಗೆಯುವಾಗಲೇ ಕೈಯಲ್ಲಿ ಪುಡಿಯಾದವು.